ಏರಿಯ ಮೇಲಿನ ಕೆಂಪು ಲಂಗ

ಶಿಡ್ಲಘಟ್ಟದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಆದಿಲಕ್ಷ್ಮಮ್ಮ ಡ್ರಾಯಿಂಗ್ ಟೀಚರಾಗಿ ಬಂದದ್ದು ಐವತ್ತೇಳನೇ ಇಸವಿಯ ಮುಂಗಾರಿನಲ್ಲಿ. ಅಲ್ಲಿಯವರೆಗೆ ಆ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಅಂದರೆ ಒಬ್ಬರ ಜಡೆಯನ್ನು ಇನ್ನೊಬ್ಬರು ಬಿಚ್ಚಿ ಹೆಣೆಯುವ, ಲಂಗದ ಮಡಿಲಲ್ಲಿ ಬಚ್ಚಿಟ್ಟುಕೊಂಡ ಹುಣಿಸೇಕಾಯಿಯನ್ನು ಉಪ್ಪು ಹಚ್ಚಿ ಕಡಿಯುವ ಹೊತ್ತು. ಯಾರಾದರೂ ಮೇಷ್ಟ್ರು ಬಂದರೂ ಬೋರ್ಡಿನ ಮೇಲೆ ಒಂದು ಮಾವಿನಕಾಯಿಯನ್ನೋ ಹೂಜಿಯನ್ನೋ ಬರೆದು, "ಇದನ್ನ ನೋಡ್ಕೊಂಡು ಬರೀರಿ" ಎಂದು ಹೇಳಿ, ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿಕೊಳ್ಳುತ್ತಿದ್ದರು.

ಹೊಸ ಟೀಚರಮ್ಮ ಮೊದಲ ದಿನ ಐದನೇ ಕ್ಲಾಸಿಗೆ ಬಂದು, "ನಿಮಗೇನು ಇಷ್ಟವೋ ಅದನ್ನ ಬರೀರಮ್ಮ" ಎಂದರು. ಹುಡುಗಿಯರು ಬಗ್ಗಿ ಬರೆದರು. ಪೀರಿಯಡ್ ಮುಗಿಯುವ ಹೊತ್ತಿಗೆ ಅವರು ಎಲ್ಲ ಹಾಳೆಗಳನ್ನೂ ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟರು. ನೋಡುತ್ತಾ ನೋಡುತ್ತಾ ಅವರಿಗೆ ನಗು ಬಂತು. ಎಲ್ಲ ಹಾಳೆಯಲ್ಲೂ ಎರಡು ಬೆಟ್ಟ, ಬೆಟ್ಟದ ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ, ಮೇಲೆ ಹಾರುವ ಹಕ್ಕಿಗಳು.

"ಏನ್ರಮ್ಮಾ, ನೀವೆಲ್ಲ ಒಂದೇ ಮನೇಲಿ ಇದೀರಾ?"

ಹುಡುಗಿಯರೂ ನಕ್ಕರು.

"ಎರಡು ಬೆಟ್ಟದ ಮಧ್ಯೆ ಸೂರ್ಯ ಹುಟ್ಟೋದನ್ನ ಯಾರು ನೋಡಿದೀರಿ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಕೊನೆಯ ಸಾಲಿನಿಂದ ಓಬಳಮ್ಮ ಎಂಬ ಗಟ್ಟಿಮುಟ್ಟಾದ ಹುಡುಗಿ ಎದ್ದು ನಿಂತಳು. ಕೆರೆಯಾಚೆಯ ಹಳ್ಳಿಯ ರೈತರ ಮನೆಯವಳು. ದಿನಾ ಏರಿಯ ಮೇಲೆ ನಡೆದು ಬರುವವಳು. "ನಮ್ಮೂರಲ್ಲಿ ಸೂರ್ಯ ಹುಣಿಸೇಮರದ ಹಿಂದುಗಡೆ ಹುಟ್ತಾನೆ ಮೇಡಂ. ಅದನ್ನ ಬರದ್ರೆ ತಪ್ಪು ಅಂತೀರೇನೋ ಅಂತ ಬೆಟ್ಟ ಬರದೆ."

ಆ ಮಾತು ಆದಿಲಕ್ಷ್ಮಮ್ಮನಿಗೆ ಬಹಳ ಹಿಡಿಸಿತು. ಅಂದು ಸಂಜೆ ಮನೆಯಲ್ಲಿ ಗಂಡನಿಗೆ ಅದನ್ನೇ ಹೇಳಿ ಹೇಳಿ ನಕ್ಕರು.

ಗಂಡ ಚೆನ್ನರಾಯಪ್ಪ ಬಸ್ ಕಂಡಕ್ಟರು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಅವರ ಕೆಲಸ. ಮನೆಗೆ ಬಂದರೂ ಅವರ ಮಾತು ಬಸ್ಸಿನ ಒಳಗಿನಿಂದಲೇ ಬರುತ್ತಿತ್ತು. ಹೆಂಡತಿ ಅಡುಗೆಮನೆಯಲ್ಲಿ ದಾರಿಗೆ ಅಡ್ಡ ನಿಂತರೆ "ಒಳಗೆ ಹೋಗಮ್ಮಾ, ಒಳಗೆ ಜಾಗ ಇದೆ" ಎನ್ನುವರು.

ಆದಿಲಕ್ಷ್ಮಮ್ಮ ಹುಟ್ಟಿದ್ದು ಮಂಚೇನಹಳ್ಳಿಯಲ್ಲಿ. ಅಪ್ಪ ನಲ್ಲಪ್ಪನಿಗೆ ಬೀದಿಯ ತುದಿಯಲ್ಲೊಂದು ದಿನಸಿ ಅಂಗಡಿ. ಮಗಳು ಅಂಗಡಿಯ ಮೂಲೆಯಲ್ಲಿ ಕೂತು ಪೊಟ್ಟಣ ಕಟ್ಟುವ ಹಾಳೆಗಳ ಮೇಲೆ ಇದ್ದಿಲಿನಿಂದ ಗಿರಾಕಿಗಳ ಮುಖ ಬರೆಯುತ್ತಿದ್ದಳು. ಬೆಲ್ಲ ಕೊಂಡವರು ಮನೆಗೆ ಹೋಗಿ ಪೊಟ್ಟಣ ಬಿಚ್ಚಿದರೆ ಒಳಗೆ ತಮ್ಮದೇ ಮೀಸೆ! ಕೆಲವರು ನಗುತ್ತಾ ಬಂದರು, ಒಬ್ಬಿಬ್ಬರು ಸಿಟ್ಟಾಗಿ ಬಂದರು. ನಲ್ಲಪ್ಪ ಮಗಳನ್ನು ಬೈಯಲಿಲ್ಲ. "ಬರಿಯೋದಾದ್ರೆ ಕಲ್ತು ಬರಿ ಕಣಮ್ಮ" ಎಂದು, ನೆಂಟರಿಷ್ಟರು ಬೇಡವೆಂದರೂ ಬೆಂಗಳೂರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಡ್ರಾಯಿಂಗ್ ಲೋಯರ್, ಹೈಯರ್ ಎರಡು ಪರೀಕ್ಷೆಯನ್ನೂ ಕಟ್ಟಿಸಿದರು. ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ಸಮತೋಲ, ಲಯ, ಅವಧಾರಣೆ, ಐಕ್ಯ ಎಂಬ ದೊಡ್ಡ ದೊಡ್ಡ ಮಾತುಗಳಿದ್ದವು. ಆದಿಲಕ್ಷ್ಮಮ್ಮ ಅವನ್ನು ಬಾಯಿಪಾಠ ಮಾಡಿ ಪಾಸಾದರು. ಆದರೆ ಆ ಮಾತುಗಳನ್ನು ಶಿಡ್ಲಘಟ್ಟದ ಹುಡುಗಿಯರ ಮುಂದೆ ಹಾಗೇ ಹೇಳಿದರೆ ಅವರು ಮತ್ತೆ ಹುಣಿಸೇಕಾಯಿಗೆ ಕೈ ಹಾಕುತ್ತಾರೆಂದು ಅವರಿಗೆ ಗೊತ್ತಿತ್ತು.

ಹಾಗಾಗಿ ಒಂದು ದಿನ ಕ್ಲಾಸಿಗೆ ಬಾಳೆ ಎಲೆ ತಂದರು. ಮೇಜಿನ ಮೇಲೆ ಹಾಸಿ, "ಬನ್ನಿ, ಬಡಿಸೋಣ" ಎಂದರು. ಉಪ್ಪಿಗೆ ಸೀಮೆಸುಣ್ಣದ ಪುಡಿ, ಪಲ್ಯಕ್ಕೆ ಹುಲ್ಲು, ಕೋಸಂಬರಿಗೆ ಹೂವಿನ ಎಸಳು, ಅನ್ನಕ್ಕೆ ಹತ್ತಿ. ಹುಡುಗಿಯರು ಪೈಪೋಟಿಯ ಮೇಲೆ ಬಡಿಸಿದರು. ಯಾವುದು ಎಲ್ಲಿ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಎಲೆ ತುಂಬ ಅನ್ನಾನೇ ಸುರಿದ್ರೆ ಏನಾಗುತ್ತೆ?"

"ಸಾರಿಗೆ ಜಾಗ ಇರಲ್ಲ ಮೇಡಂ!"

"ಕಲಸೋಕೂ ಆಗಲ್ಲ!"

"ಉಪ್ಪಿನಕಾಯಿ ಅಷ್ಟು ಚೂರೇ ಯಾಕೆ ಹಾಕ್ತಾರೆ?"

"ಅದು ಖಾರ ಮೇಡಂ. ಚೂರೇ ಇದ್ರೂ ನಾಲಿಗೆ ಅಲ್ಲಿಗೇ ಹೋಗುತ್ತೆ."

"ಚಿತ್ರದಲ್ಲೂ ಅಷ್ಟೇ ಕಣ್ರಮ್ಮ. ಕೆಂಪು ಬಣ್ಣ ಉಪ್ಪಿನಕಾಯಿ ಇದ್ದಂಗೆ. ಖಾಲಿ ಜಾಗ ಅಂದ್ರೆ ಕಲಸಿಕೊಳ್ಳೋ ಜಾಗ. ಅದಿಲ್ದೆ ಇದ್ರೆ ನೋಡೋರು ಉಣ್ಣೋದು ಹೆಂಗೆ?"

ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಮತ್ತೊಂದು ದಿನ ಗೋಡೆಗೆ ಒರಗಿಸಿ, ಸುತ್ತಿ ಸುತ್ತಿ ಹೋಗುವ ಆ ಪಟ್ಟಿಯ ಮೇಲೆ ಬೆರಳಾಡಿಸಿ ಲಯ ಅಂದರೇನೆಂದು ತೋರಿಸಿದರು. ಸಮತೋಲಕ್ಕೆ ತೋಟದ ಏತ ಸಿಕ್ಕಿತು. "ನೀರಿನ ಬಾನಿ ಎಷ್ಟು ದಪ್ಪ! ಆ ಕಡೆ ಏತದ ತುದೀಲಿ ನಿಂತೋನು ಒಬ್ಬ ಬಡಕಲು ಮನುಷ್ಯ. ಆದ್ರೂ ಎತ್ತುತ್ತಾನೆ. ಯಾಕೆ? ದೂರ ನಿಂತಿದಾನೆ, ಅದಕ್ಕೆ. ದೊಡ್ಡದು ನಡುವಿಗೆ ಹತ್ತಿರ ಇರಲಿ, ಸಣ್ಣದು ದೂರ ಇರಲಿ, ಎರಡಕ್ಕೂ ಸರಿಹೋಗುತ್ತೆ."

ಎಲ್ಲರೂ ಕೇಳಿದರು, ಕೇಳದವಳು ಒಬ್ಬಳೇ, ನೂರುನ್ನೀಸಾ. ನೂಲು ಬಿಚ್ಚುವ ಚರಕಗಳ ಶೆಡ್ಡು ಇಟ್ಟಿದ್ದ ಖಾಜಾ ಪೀರ್ ಸಾಹೇಬರ ಮೊಮ್ಮಗಳು. ಕೈ ಬಹಳ ಚುರುಕು. ಆದರೆ ಹಾಳೆಯಲ್ಲಿ ಎಳ್ಳಷ್ಟು ಬಿಳಿ ಕಂಡರೂ ಅವಳಿಗೆ ಸಮಾಧಾನವಿಲ್ಲ. ಒಂದು ನವಿಲು ಬರೆದರೆ ಸುತ್ತಲೂ ಬಳ್ಳಿ, ಬಳ್ಳಿಯ ಸಂದಿನಲ್ಲಿ ಹೂ, ಹೂವಿನ ಸಂದಿನಲ್ಲಿ ಚುಕ್ಕಿ. ಕೊನೆಗೆ ನವಿಲು ಎಲ್ಲಿದೆ ಎಂದು ಅವಳೇ ಹುಡುಕಬೇಕು.

"ಖಾಲಿ ಬಿಟ್ರೆ ಬಡವರ ಮನೆ ಥರ ಕಾಣುತ್ತೆ ಮೇಡಂ" ಎನ್ನುವಳು.

ಆದಿಲಕ್ಷ್ಮಮ್ಮ ಅವಳನ್ನು ಒತ್ತಾಯ ಮಾಡಲಿಲ್ಲ. ತುಂಬುವ ಕೈಯೂ ಒಂದು ಕೈ, ಅದಕ್ಕೂ ಒಂದು ದಿನ ಜಾಗ ಸಿಗುತ್ತದೆ ಎಂದುಕೊಂಡು ಬಿಟ್ಟರು.

ಮೂರು ವರ್ಷ ಕಳೆಯಿತು. ಆ ಹುಡುಗಿಯರು ಎಂಟನೇ ಕ್ಲಾಸಿಗೆ ಬಂದರು. ಜನವರಿಯ ವಾರ್ಷಿಕೋತ್ಸವ ಹತ್ತಿರವಾದಾಗ ನಾಟಕದ ಪರದೆಯನ್ನು ಅಟ್ಟದಿಂದ ಇಳಿಸಿ ನೋಡಿದರೆ ಅದರಲ್ಲಿದ್ದ ಅರಮನೆಯ ಅರ್ಧವನ್ನು ಇಲಿಗಳು ಮುಗಿಸಿದ್ದವು. ಹೆಡ್ ಮೇಡಂ ಯಶೋದಮ್ಮನವರು ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿ, "ಹೊಸದನ್ನ ನಮ್ಮ ಹುಡುಗೀರೇ ಬರೀಲಿ ಆದಿಲಕ್ಷ್ಮಮ್ಮನೋರೇ. ಅಷ್ಟೆಲ್ಲ ಪಾಠ ಮಾಡಿದೀರಲ್ಲ, ಏನು ಬಂದಿದೆ ಅಂತ ಊರೂ ನೋಡಲಿ" ಎಂದರು.

ಬಟ್ಟೆಯನ್ನು ಖಾಜಾ ಪೀರ್ ಸಾಹೇಬರು ಕೊಡಿಸಿದರು. ಕೋರಾ ಬಟ್ಟೆಯ ಪಟ್ಟಿಗಳನ್ನು ಅವರ ಪರಿಚಯದ ದರ್ಜಿಯೇ ಜೋಡಿಸಿ ಹೊಲಿದ. ಬಟ್ಟೆಯ ಜೊತೆಗೆ ಅವರು ಒಂದು ಮಾತನ್ನೂ ಕಳಿಸಿದರು: ಪರದೆಯ ನಡುವೆ ತಮ್ಮ ಹೆಸರು ದೊಡ್ಡದಾಗಿ ಇರಬೇಕು, ಕೊನೆಯಲ್ಲಿ ಕೂತವನಿಗೂ ಕಾಣಬೇಕು. ಯಶೋದಮ್ಮನವರು ಒಪ್ಪಿಕೊಂಡುಬಿಟ್ಟರು. ಬಟ್ಟೆ ಕೊಟ್ಟವರ ಮಾತು, ಹೇಗೆ ಇಲ್ಲ ಎನ್ನುವುದು?

ಪುಡಿ ಬಣ್ಣಗಳು ಚಿಕ್ಕಬಳ್ಳಾಪುರದಿಂದ ಚೆನ್ನರಾಯಪ್ಪನ ಬಸ್ಸಿನಲ್ಲಿ ಬಂದವು. ಬಣ್ಣ ಬಟ್ಟೆಗೆ ಹಿಡಿಯಲು ಮರವಜ್ರದ ಅಂಟು ಕಾಯಿಸಿ ಕಲಸಬೇಕಿತ್ತು. ಅದರ ನಾತಕ್ಕೆ ಪಕ್ಕದ ಕ್ಲಾಸಿನವರು ಕಿಟಕಿ ಹಾಕಿಕೊಂಡರು.

ಏನು ಬರೆಯುವುದು? ಆದಿಲಕ್ಷ್ಮಮ್ಮ ಹುಡುಗಿಯರನ್ನೇ ಕೇಳಿದರು. ಒಬ್ಬಳು ತನ್ನ ಎಮ್ಮೆ ಎಂದಳು, ಒಬ್ಬಳು ಅಣ್ಣನ ಸೈಕಲ್ಲು, ಒಬ್ಬಳು ತುಳಸೀಕಟ್ಟೆ, ಒಬ್ಬಳು ರೈಲು, ನೂರುನ್ನೀಸಾ ನವಿಲು. ಮೊದಲು ಹಳೆಯ ಪೇಪರ್‌ಗಳನ್ನು ಅಂಟಿಸಿ ಸಣ್ಣ ಅಳತೆಯಲ್ಲಿ ಮಾದರಿ ಮಾಡಿದರು. ಎಲ್ಲರೂ ತಮ್ಮ ತಮ್ಮದನ್ನು ಕತ್ತರಿಸಿ ತಂದು ಅಂಟಿಸಿದರು. ಅದನ್ನು ಶಾಲೆಯ ಹಾಲಿನ ಆ ತುದಿಗೆ ತೂಗುಹಾಕಿ, ಎಲ್ಲರನ್ನೂ ಈ ತುದಿಯಲ್ಲಿ ನಿಲ್ಲಿಸಿ, "ಏನು ಕಾಣುತ್ತೆ?" ಎಂದು ಕೇಳಿದರು.

"ನನ್ನ ಎಮ್ಮೆ!"

"ರೈಲು!"

"ನವಿಲು ಮೇಡಂ!"

ಪ್ರತಿಯೊಬ್ಬಳಿಗೂ ತನ್ನದೊಂದೇ ಕಾಣುತ್ತಿತ್ತು. ಆಗಲೇ ಬಾಗಿಲಲ್ಲಿ ಇಣುಕಿದ ಜವಾನ ನಲವತ್ತು ತುಣುಕು ಅಂಟಿಸಿದ್ದ ಆ ಹಾಳೆಯನ್ನು ನೋಡಿ, "ಸಂತೇನಾ ಟೀಚರಮ್ಮಾ?" ಎಂದ. ಹುಡುಗಿಯರ ಮುಖ ಸಪ್ಪಗಾಯಿತು. ಯಾವುದನ್ನು ತೆಗೆಯುವುದು ಎಂಬ ಮಾತು ಬಂದದ್ದೇ ತಡ, ಜಗಳ ಹತ್ತಿಕೊಂಡಿತು. ಎಮ್ಮೆಯವಳು ರೈಲಿನವಳ ಜೊತೆ ಮಾತು ಬಿಟ್ಟಳು.

ದಿನ ಹತ್ತಿರ ಬರುತ್ತಿತ್ತು. ಆದಿಲಕ್ಷ್ಮಮ್ಮ ಭಾನುವಾರವಿಡೀ ಕೂತು ತಾವೇ ಒಂದು ಮಾದರಿ ಬರೆದರು. ನಡುವೆ ಗೋಪುರ, ಆ ಕಡೆ ಈ ಕಡೆ ಒಂದೊಂದು ಮರ, ಮುಂದೆ ಕೊಳ, ಕೊಳದಲ್ಲಿ ತಾವರೆ. ಅಳತೆ ಹಿಡಿದು ನೋಡಿದರೆ ಎಲ್ಲೂ ಒಂದು ನೂಲಿನಷ್ಟು ತಪ್ಪಿಲ್ಲ. ಸೋಮವಾರ ಬಟ್ಟೆಯನ್ನು ಹಾಲಿನ ನೆಲದ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಯಾರು ಎಲ್ಲಿ ಬಣ್ಣ ತುಂಬಬೇಕೆಂದು ತೋರಿಸಿದರು.

"ಚೆನ್ನಾಗಿದೆ ಮೇಡಂ" ಎಂದರು ಹುಡುಗಿಯರು. ಕುಂಚ ಹಿಡಿದು ಕೂತರು. ಯಾರೂ ಜಗಳವಾಡಲಿಲ್ಲ, ಯಾರೂ ನಗಲೂ ಇಲ್ಲ. ಹಾಲಿನಲ್ಲಿ ಮರವಜ್ರದ ನಾತ ಬಿಟ್ಟರೆ ಬೇರೇನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಓಬಳಮ್ಮ ತಲೆ ಎತ್ತಿ ಮೆಲ್ಲಗೆ ಕೇಳಿದಳು: "ಮೇಡಂ, ಈ ತಾವರೆ ತುಂಬಿದ ಮೇಲೆ ಮನೆಗೆ ಹೋಗಬಹುದಾ?"

ಅವಳು ಕೊಂಕಿನಿಂದ ಕೇಳಿರಲಿಲ್ಲ. ಅದಕ್ಕೇ ಆ ಮಾತು ಆದಿಲಕ್ಷ್ಮಮ್ಮನ ಎದೆಗೆ ನಾಟಿತು. ಬೋರ್ಡಿನ ಮೇಲೆ ಹೂಜಿ ಬರೆದು ನೋಡಿಕೊಂಡು ಬರೀರಿ ಎನ್ನುತ್ತಿದ್ದ ಮೇಷ್ಟ್ರಿಗೂ ತನಗೂ ಏನು ವ್ಯತ್ಯಾಸ? ಅಳತೆ ಸರಿಯಾಗಿದೆ, ಚಿತ್ರ ಮಾತ್ರ ಯಾರದ್ದೂ ಅಲ್ಲ. ಅವರು ಒದ್ದೆ ಬಟ್ಟೆ ತಂದು ಸೀಮೆಸುಣ್ಣದ ಗೆರೆಗಳನ್ನೆಲ್ಲ ಒರೆಸಿದರು. ಹುಡುಗಿಯರು ಬೆರಗಾಗಿ ನೋಡಿದರು.

"ಏಳ್ರಮ್ಮಾ. ಹೋಗಣ ನಡೀರಿ."

"ಎಲ್ಲಿಗೆ ಮೇಡಂ?"

"ಹೊರಗೆ. ಇಲ್ಲಿ ಕೂತು ಕೂತು ಕಣ್ಣಿಗೆ ತುಕ್ಕು ಹಿಡೀತು."

ಕೆರೆಯ ಏರಿಯ ಕೆಳಗೆ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಎಲ್ಲರೂ ಕೂತರು. ಹೊತ್ತು ಇಳಿಯುತ್ತಿತ್ತು. ತೋಟದಿಂದ, ಪೇಟೆಯಿಂದ ಜನ ಏರಿಯ ಮೇಲೆ ಮನೆಗೆ ಹೋಗುತ್ತಿದ್ದರು. ಕೆಳಗಿನಿಂದ ನೋಡಿದರೆ ಏರಿ ಒಂದು ಉದ್ದನೆಯ ಗೆರೆ. ಅದರ ಮೇಲೆ ನಡೆಯುವವರೆಲ್ಲ ಆಕಾಶಕ್ಕೆ ಅಂಟಿಸಿದ ಹಾಗೆ. ಸೊಪ್ಪಿನ ಹೊರೆ ಹೊತ್ತವಳು, ಎಮ್ಮೆ ಹೊಡೆದುಕೊಂಡು ಹೋಗುವವಳು, ಸೈಕಲ್ಲು ತಳ್ಳಿಕೊಂಡು ಹೋಗುವವನು, ಚಂದ್ರಿಕೆಯನ್ನು ತಲೆಯ ಮೇಲಿಟ್ಟುಕೊಂಡು ಗಾಳಿಗೆ ಓಲಾಡುವವನು.

"ನೋಡ್ರೇ, ನನ್ನ ಎಮ್ಮೆ!" ಎಂದಳು ಎಮ್ಮೆಯವಳು. ಎಲ್ಲರೂ ನಕ್ಕರು. ರೈಲಿನವಳೂ ನಕ್ಕಳು.

ಸುಮ್ಮನೆ ಕೂತಿದ್ದ ನೂರುನ್ನೀಸಾ ಇದ್ದಕ್ಕಿದ್ದ ಹಾಗೆ ಹೇಳಿದಳು: "ಮೇಡಂ, ಆಕಾಶದಲ್ಲಿ ಏನೂ ಇಲ್ಲ. ಅದಕ್ಕೇ ಇವರೆಲ್ಲ ಹಿಂಗೆ ಕಾಣ್ತಾರೆ. ಅಲ್ವಾ?"

ಆದಿಲಕ್ಷ್ಮಮ್ಮ ಅವಳ ಮುಖ ನೋಡಿದರು. ಇಷ್ಟು ವರ್ಷ ಹೇಳಿದ್ದು ಇವಳ ಕಿವಿಗೆ ಬೀಳಲೇ ಇಲ್ಲ ಎಂದುಕೊಂಡಿದ್ದರು. "ಹೌದು ಕಣಮ್ಮ" ಎಂದರು, ಅಷ್ಟೇ.

ಆಮೇಲೆ ಮಾತಿಗೆ ತಡೆಯೇ ಇಲ್ಲ. ಏರಿಯನ್ನೇ ಬರೆಯೋಣ ಎಂದರು ಹುಡುಗಿಯರು. ಎಲ್ಲರ ಸಾಮಾನೂ ಏರಿಯ ಮೇಲೆ ಹೋಗಲಿ. ಒಬ್ಬೊಬ್ಬಳು ಒಬ್ಬೊಬ್ಬರನ್ನು ಬರೆಯಲಿ, ಆದರೆ ಎಲ್ಲರ ಕಾಲೂ ಒಂದೇ ಗೆರೆಯ ಮೇಲೆ ಇರಲಿ. ರೈಲು ಏರಿಯ ಮೇಲೆ ಹೋಗುವುದಿಲ್ಲವಲ್ಲ ಎಂದು ರೈಲಿನವಳು ಕಣ್ಣು ತುಂಬಿಕೊಂಡಾಗ ಓಬಳಮ್ಮ, "ನಿನ್ನ ತಮ್ಮನ ಕೈಗೆ ಆಟದ ರೈಲು ಕೊಡೇ, ಎಳ್ಕೊಂಡು ಹೋಗ್ಲಿ" ಎಂದು ದಾರಿ ತೋರಿಸಿದಳು. ಅಂಬಾಜಿದುರ್ಗದ ಬಂಡೆ ಬೆಟ್ಟ ಎಡಕ್ಕೆ, ನಡುವಿಗೆ ಹತ್ತಿರವಾಗಿ ಬರಲಿ ಎಂದಾಯಿತು. ಅದರ ಭಾರಕ್ಕೆ ಬಲಗಡೆ ಏನಿಡುವುದು?

"ಏತ ಮೇಡಂ" ಎಂದಳೊಬ್ಬಳು. "ಬೆಟ್ಟ ಬಾನಿ. ಆ ತುದೀಲಿ ಸಣ್ಣದೇನಾದ್ರೂ ದೂರ ನಿಲ್ಲಿಸಿದ್ರೆ ಸರಿಹೋಗುತ್ತೆ."

"ಕೆಂಪು ಲಂಗದ ಹುಡುಗಿ!" ಎಂದರು ಎರಡು ಮೂರು ಜನ ಒಟ್ಟಿಗೆ. ಪರದೆಯಲ್ಲಿ ಬೇರೆಲ್ಲೂ ಕೆಂಪು ಬೇಡ, ಅದೊಂದೇ ಉಪ್ಪಿನಕಾಯಿ.

ಹೊಸ ತಕರಾರು ಅಲ್ಲಿಂದಲೇ ಎದ್ದಿತು. ಕೆಂಪು ಲಂಗದವಳು ಯಾರು? ಎಲ್ಲರಿಗೂ ಆ ಲಂಗ ಬೇಕು. ಒಬ್ಬಳು ತನ್ನ ಮೂಗು ಚೂಪಾಗಿದೆ, ದೂರದಿಂದ ಚೆನ್ನಾಗಿ ಕಾಣುತ್ತದೆ ಎಂದಳು. ಇನ್ನೊಬ್ಬಳು ತನ್ನ ಹತ್ತಿರ ನಿಜವಾಗಿಯೂ ಕೆಂಪು ಲಂಗ ಇದೆ ಎಂದಳು. ಮಾತಿಗೆ ಮಾತು ಬೆಳೆದು ಮತ್ತೆ ಎಮ್ಮೆ ರೈಲಿನ ಕಥೆಯಾಗುವುದರಲ್ಲಿತ್ತು. ಓಬಳಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಅವಳು ಬೆನ್ನು ತೋರಿಸ್ಕೊಂಡು ಹೋಗ್ಲಿ. ಜಡೆ ಮಾತ್ರ ಕಾಣ್ಲಿ. ಯಾರಾದ್ರೂ ಆಗ್ಲಿ ಬಿಡ್ರೇ."

ಅಲ್ಲಿಗೆ ಎಲ್ಲರಿಗೂ ಸಮಾಧಾನವಾಯಿತು. ಪ್ರತಿಯೊಬ್ಬಳೂ ಅದು ತಾನೇ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದಳು.

ಕೆಲಸ ಓಡಿತು. ಲಂಗ ಎತ್ತಿ ಕಟ್ಟಿಕೊಂಡು, ಬಟ್ಟೆಯ ಮೇಲೆ ಮಂಡಿಯೂರಿ, ಮೂಗಿನ ತುದಿಗೆಲ್ಲ ಬಣ್ಣ ಮಾಡಿಕೊಂಡು ಹುಡುಗಿಯರು ಬರೆದರು. ಆಕಾಶಕ್ಕೆ ರೇಷ್ಮೆಗೂಡಿನ ತಿಳಿ ಹಳದಿ. ಕೆಳಗೆ ಹಿಪ್ಪುನೇರಳೆಯ ಸಾಲುಗಳು ದಟ್ಟ ಹಸಿರು. ಆ ಸಾಲುಗಳನ್ನು ನೂರುನ್ನೀಸಾ ಒಬ್ಬಳೇ ಬರೆದಳು. ಎಲೆಗೆ ಎಲೆ ಸೇರಿಸಿ, ತುಂಬುವ ಆಸೆಯನ್ನೆಲ್ಲ ಅಲ್ಲಿ ತೀರಿಸಿಕೊಂಡಳು. ಮೇಲಿನ ಆಕಾಶ ಅಷ್ಟು ಬರಿದಾಗಿದ್ದದ್ದಕ್ಕೆ ಕೆಳಗಿನ ಆ ದಟ್ಟತನ ಹಬ್ಬದ ಹಾಗೆ ಕಂಡಿತು.

ಯಶೋದಮ್ಮನವರು ಬಂದು ನೋಡಿ, "ಚೆನ್ನಾಗಿದೆ. ಮೇಲ್ಗಡೆ ಯಾಕೆ ಬಿಟ್ಟಿದೀರಿ? ಬಣ್ಣ ಸಾಲಲಿಲ್ವಾ?" ಎಂದರು. ಆಮೇಲೆ ತಾವೇ ನೆನಪಿಸಿಕೊಂಡು, "ಓ, ಸಾಹೇಬರ ಹೆಸರಿಗಲ್ವಾ! ಸರಿ ಸರಿ" ಎಂದು ಹೊರಟುಹೋದರು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರಿನ ಮಾತನ್ನು ಎಲ್ಲರೂ ಮರೆತೇ ಬಿಟ್ಟಿದ್ದರು. ಆ ಹಳದಿಯ ನಡುವೆ ಆಳೆತ್ತರದ ಅಕ್ಷರ ಬಂದರೆ ಏರಿಯೂ ಹೋಯಿತು, ಎಮ್ಮೆಯೂ ಹೋಯಿತು. ಆದಿಲಕ್ಷ್ಮಮ್ಮನಿಗೂ ಏನು ಮಾಡುವುದೆಂದು ತೋಚಲಿಲ್ಲ. ಮನೆಯಲ್ಲಿ ಗಂಡನ ಮುಂದೆ ಹೇಳಿಕೊಂಡಾಗ ಚೆನ್ನರಾಯಪ್ಪ ಶೂ ಬಿಚ್ಚುತ್ತಾ, "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಗಾದೆ ಇಲ್ವೇನೆ? ಸಾಹೇಬರಿಗೆ ಅದನ್ನೇ ಹೇಳು" ಎಂದರು.

"ಹೇಳೋದು ಸುಲಭ ಕಣ್ರೀ. ಕೇಳೋರು ಕೇಳಬೇಕಲ್ಲ."

ಆದರೆ ಹೇಳುವ ಕೆಲಸ ಅವರ ಪಾಲಿಗೆ ಬರಲಿಲ್ಲ. ನೂರುನ್ನೀಸಾ ಅದನ್ನು ತಾನೇ ಕೈಗೆತ್ತಿಕೊಂಡಿದ್ದಳು. ಮರುದಿನ ಅವಳು ಬಂದು ಹೇಳಿದ್ದು ಇದು.

ಅಜ್ಜ ನಮಾಜು ಮುಗಿಸಿ ಚಹಾ ಕುಡಿಯುತ್ತಾ ಕೂತಿದ್ದಾಗ ಅವಳು ಒಂದು ಬಿಳಿ ಚಾದರವನ್ನು ಅವರ ಮುಂದೆ ಹಾಸಿದಳು. ಮನೆಯ ಹೆಂಗಸರ ಬಣ್ಣಬಣ್ಣದ ಬಳೆಗಳನ್ನೆಲ್ಲ ತಂದು ಅದರ ಮೇಲೆ ಚೆಲ್ಲಿದಳು. "ದಾದಾ, ಇದರಲ್ಲಿ ಅಮ್ಮಿಯ ದೊಡ್ಡ ಬಳೆ ಯಾವುದು ಹೇಳಿ" ಎಂದು ಉರ್ದುವಿನಲ್ಲಿ ಕೇಳಿದಳು. ಸಾಹೇಬರು ಕಣ್ಣು ಕಿರಿದು ಮಾಡಿಕೊಂಡು ಹುಡುಕಿದರು, ಸಿಗಲಿಲ್ಲ. ಅವಳು ಎಲ್ಲವನ್ನೂ ತೆಗೆದು, ತನ್ನ ಪುಟ್ಟ ತಂಗಿಯ ಕೈಯಿಂದ ಒಂದೇ ಒಂದು ಸಣ್ಣ ಬಳೆ ಬಿಚ್ಚಿ ಚಾದರದ ಮೂಲೆಯಲ್ಲಿ ಇಟ್ಟಳು. "ಈಗ?"

ಸಾಹೇಬರು ಬಳೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು.

"ಇದು ನನ್ನ ಹೆಸರಿನ ವಿಷಯ ತಾನೇ?"

"ಹೌದು ದಾದಾ."

ಖಾಜಾ ಪೀರ್ ಸಾಹೇಬರು ಲೋಟ ಕೆಳಗಿಟ್ಟು ಹೊಟ್ಟೆ ಕುಲುಕಿಸಿ ನಕ್ಕರಂತೆ. "ನನಗೇ ವ್ಯಾಪಾರ ಹೇಳಿಕೊಡ್ತೀಯಾ? ಗೂಡಿನ ಮಾರ್ಕೆಟ್ಟಿನಲ್ಲಿ ಎಲ್ಲರೂ ಕೂಗೋವಾಗ ಸುಮ್ಮನೆ ಕೂತವನ ಕಡೆಗೇ ರೈತ ತಿರುಗಿ ನೋಡ್ತಾನೆ. ನಾನು ಬದುಕಿದ್ದೇ ಹಾಗೆ. ನಿನ್ನ ಇಷ್ಟ ಬಂದ ಕಡೆ ಬರಿ ಹೋಗು. ಕಾಣದೇ ಇದ್ರೆ ಮಾತ್ರ ಬಟ್ಟೆ ವಾಪಸು!"

ಹೆಸರು ಕೆಳಗೆ ಬಲಮೂಲೆಗೆ ಬಂತು. ನೂರುನ್ನೀಸಾ ತಾನು ಬರೆದ ಎಲೆಗಳ ಮೇಲೆ ಅಲ್ಲಿ ಒಂದಿಷ್ಟು ಹಸಿರು ಬಳಿದು ನುಣ್ಣಗೆ ಮಾಡಿ, ಬಿಳಿ ಬಣ್ಣದಲ್ಲಿ ಸಣ್ಣ ಅಕ್ಷರಗಳನ್ನು ಬರೆದಳು. ಅಷ್ಟು ಎಲೆ ಅಳಿಸಿದ್ದಕ್ಕೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ವಾರ್ಷಿಕೋತ್ಸವದ ಸಂಜೆ ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿತ್ತು. ಜನ ಕಿಕ್ಕಿರಿದು ಸೇರಿದ್ದರು. ಮುಂದಿನ ಸಾಲಿನಲ್ಲಿ ಖಾಜಾ ಪೀರ್ ಸಾಹೇಬರು ಹೊಸ ಟೋಪಿ ಇಟ್ಟು ಕೂತಿದ್ದರು. ಆದಿಲಕ್ಷ್ಮಮ್ಮ ಪಕ್ಕದ ಕಂಬದ ಮರೆಯಲ್ಲಿ ನಿಂತರು. ಅಂದು ರಜೆ ಹಾಕಿ ಬಂದಿದ್ದ ಚೆನ್ನರಾಯಪ್ಪ ಹಿಂದೆ ಎಲ್ಲೋ ನಿಂತು, ಅಭ್ಯಾಸಬಲದಿಂದ ಜನರನ್ನು ಒಳಗೆ ಸರಿಸುತ್ತಿದ್ದರು.

ದೀಪ ಹತ್ತಿತು. ಪರದೆ ಕಂಡಿತು.

ಗದ್ದಲ ತಣ್ಣಗಾಯಿತು. ಹಳದಿ ಆಕಾಶದ ಕೆಳಗೆ ಏರಿಯ ಮೇಲೆ ತಮ್ಮೂರಿನ ಜನ ನಡೆದು ಹೋಗುತ್ತಿದ್ದರು. ಯಾವ ಅರಮನೆಯೂ ಇಲ್ಲ, ಉದ್ಯಾನವನವೂ ಇಲ್ಲ. ಯಾರೋ ಒಬ್ಬ ಹೆಂಗಸು ಜೋರಾಗಿ, "ಅಯ್ಯೋ, ಅದು ನಮ್ಮ ಎಮ್ಮೆ ಕಣೇ! ಕೊಂಬು ನೋಡು" ಎಂದಳು. ಚಪ್ಪರವೆಲ್ಲ ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಟಕ ಶುರುವಾಗಬೇಕೆಂದು ಪರದೆ ಸರಸರನೆ ಮೇಲಕ್ಕೆ ಸುತ್ತಿಕೊಂಡಿತು. ವೇದಿಕೆಯ ಮೇಲೆ ಹರಿಶ್ಚಂದ್ರನ ವೇಷದ ಹುಡುಗಿ ಬಾಯಿ ತೆರೆದಳು.

"ಒನ್ಸ್ ಮೋರ್!" ಎಂದಿತು ಹಿಂದಿನಿಂದ ಒಂದು ದನಿ.

ಹರಿಶ್ಚಂದ್ರ ಇನ್ನೂ ಏನೂ ಹೇಳಿರಲಿಲ್ಲ. ಅವಳು ಕಕ್ಕಾಬಿಕ್ಕಿಯಾದಳು.

"ಪರದೆ ಬಿಡ್ರಿ! ನಮ್ಮ ಹುಡುಗೀದು ಇನ್ನೂ ನೋಡಿಲ್ಲ!"

"ಒನ್ಸ್ ಮೋರ್! ಒನ್ಸ್ ಮೋರ್!"

ಯಶೋದಮ್ಮನವರು ಎದ್ದು ನಿಂತು ಕೈ ಆಡಿಸಿದರೂ ಯಾರೂ ಕೇಳಲಿಲ್ಲ. ಕೊನೆಗೆ ಅವರೇ ನಗುತ್ತಾ ಹಗ್ಗದವನಿಗೆ ಸನ್ನೆ ಮಾಡಿದರು. ಪರದೆ ಮತ್ತೆ ಇಳಿಯಿತು. ತಾಯಂದಿರು ಎದ್ದು ನಿಂತು ಬೆರಳು ತೋರಿಸಿದರು. ಕೆಂಪು ಲಂಗದವಳು ತಮ್ಮ ಮಗಳೇ ಎಂದು ಬೇರೆ ಬೇರೆ ಮೂಲೆಗಳಿಂದ ಮಾತು ಕೇಳಿಬಂತು. ಓಬಳಮ್ಮನ ಅಪ್ಪ, ವರ್ಷವಿಡೀ ಶಾಲೆಯ ಕಡೆ ತಲೆ ಹಾಕದವನು, "ಆ ಜಡೆ ನಮ್ಮ ಓಬಳೀದೇ. ಅಷ್ಟು ದಪ್ಪ ಯಾರದಿದೆ?" ಎಂದು ಪಕ್ಕದವನ ತೋಳು ಹಿಡಿದು ಹೇಳುತ್ತಿದ್ದ. ಕಂಬದ ಮರೆಯಲ್ಲಿ ಆದಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಖಾಜಾ ಪೀರ್ ಸಾಹೇಬರು ಕುರ್ಚಿಯಿಂದ ತಿರುಗಿ ಕೊನೆಯ ಸಾಲಿನ ಕಡೆ ಕೂಗಿದರು: "ಏನಪ್ಪಾ, ಕೆಳಗಡೆ ಬಲಗಡೆ ಏನು ಬರೆದಿದೆ, ಕಾಣುತ್ತಾ?"

"ಕಾಣ್ತದೆ ಸಾಹೇಬ್ರೇ! ನಿಮ್ಮ ಹೆಸರು!"

ಸಾಹೇಬರು ಮೀಸೆ ತೀಡಿಕೊಂಡು ತೃಪ್ತಿಯಿಂದ ಮುಂದಕ್ಕೆ ತಿರುಗಿದರು. ಹರಿಶ್ಚಂದ್ರನಿಗೆ ಕೊನೆಗೂ ಮಾತಾಡಲು ಬಿಟ್ಟರು.

ಆಮೇಲೆ ಆ ಪರದೆಗೆ ಬಿಡುವೇ ಸಿಗಲಿಲ್ಲ. ಚಿಂತಾಮಣಿಯ ಶಾಲೆಯವರು ಕೇಳಿದರು, ಚಿಕ್ಕಬಳ್ಳಾಪುರದವರು ಕೇಳಿದರು. ಸುತ್ತಿ ಬಸ್ಸಿನ ಟಾಪಿನ ಮೇಲೆ ಹಾಕಿದರೆ ಚೆನ್ನರಾಯಪ್ಪ ಅದಕ್ಕೆ ಟಿಕೆಟ್ ಹರಿಯುತ್ತಿರಲಿಲ್ಲ. "ಇದು ನಮ್ಮ ಮನೆಯವರು" ಎನ್ನುತ್ತಿದ್ದರು. ಮಂಚೇನಹಳ್ಳಿಗೂ ಒಮ್ಮೆ ಹೋಯಿತು. ನಲ್ಲಪ್ಪ ಅಂಗಡಿ ಬಾಗಿಲು ಹಾಕಿ, ನಾಟಕಕ್ಕೆ ಮುಂಚೆಯೇ ಹೋಗಿ, ಮುಂದೆ ನಿಂತು ಬಹಳ ಹೊತ್ತು ನೋಡಿದರು. ಮಗಳಿಗೆ ಹೇಳಿ ಕಳಿಸಿದ್ದು ಇಷ್ಟೇ: "ಬೆಟ್ಟದ ಬುಡದಲ್ಲಿ ನಡೀತಿರೋ ಮುದುಕ ನನ್ನ ಥರ ಇದಾನೆ. ಯಾರು ಬರೆದದ್ದು ಅಂತ ಕೇಳು."

ಆದಿಲಕ್ಷ್ಮಮ್ಮ ಹುಡುಗಿಯರನ್ನು ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ.

ಓಬಳಮ್ಮ ಮುಂದೆ ಓದಿ ಟೀಚರ್ಸ್ ಟ್ರೈನಿಂಗಿಗೆ ಸೇರಿದಳು. ಆದಿಲಕ್ಷ್ಮಮ್ಮನಿಗೆ ಅರವತ್ತಾರರಲ್ಲಿ ಗೌರಿಬಿದನೂರಿಗೆ ವರ್ಗವಾಯಿತು. ಅಲ್ಲಿ ಹುಡುಗರು, ಹುಡುಗಿಯರು ಸೇರಿದ ದೊಡ್ಡ ಶಾಲೆ. ಹುಡುಗರ ತಂಟೆ ಬೇರೆಯದೇ ಥರದ್ದು. ಟೀಚರಮ್ಮನಿಗೆ ಕೆಲಸ ಹೆಚ್ಚಿತು, ತಲೆಯಲ್ಲಿ ಒಂದೆರಡು ಬೆಳ್ಳಿಕೂದಲೂ ಬಂದವು.

ಮರುವರ್ಷ ಬೇಸಿಗೆ ರಜದಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲಿ ಬುರ್ಖಾ ಹಾಕಿದ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮುಸುಕು ತೆಗೆದಾಗ ನೂರುನ್ನೀಸಾ! ಚಿಂತಾಮಣಿಗೆ ಮದುವೆಯಾಗಿದ್ದಳು. ಗಂಡ ಮುಖ್ತಾರನದು ಅಲ್ಲಿ ಬಟ್ಟೆ ಅಂಗಡಿ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮೊದಲು ಎಲ್ಲ ಸೀರೆಯನ್ನೂ ತುರುಕಿ ಇಡುತ್ತಿದ್ದರಂತೆ. ಇವಳು ಹೋಗಿ ಒಂದೇ ಒಂದು ಸೀರೆ ಇಡಿಸಿದಳಂತೆ.

"ನಮ್ಮತ್ತೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ ಮೇಡಂ. ಅಂಗಡಿ ಖಾಲಿಯಾಗಿದೆ ಅಂತ ಜನ ಅಂದ್ಕೊಳ್ತಾರೆ ಅಂತ. ಈಗ ಅವರೇ ದಿನಾ ಬೆಳಿಗ್ಗೆ ಯಾವ ಸೀರೆ ಇಡಬೇಕು ಅಂತ ಜಗಳ ಮಾಡ್ತಾರೆ."

ಆದಿಲಕ್ಷ್ಮಮ್ಮ ನಗುತ್ತಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕಾಫಿ ಕುಡಿಯುತ್ತಿದ್ದ ನೂರುನ್ನೀಸಾಳ ಕಣ್ಣು ಮನೆಯನ್ನೆಲ್ಲ ಸುತ್ತಿ ಗೋಡೆಯ ಹಲಗೆಯ ಮೇಲೆ ನಿಂತಿತು. ಹಿತ್ತಾಳೆ ಚೊಂಬುಗಳು, ದೀಪ, ಗಡಿಯಾರ ಎಲ್ಲವೂ ಒಂದೇ ಕಡೆ ಗುಂಪುಗೂಡಿದ್ದವು. ಅವಳು ಲೋಟ ಕೆಳಗಿಟ್ಟು ಎದ್ದಳು.

"ತಪ್ಪು ತಿಳ್ಕೋಬೇಡಿ ಮೇಡಂ" ಎಂದು, ಗಡಿಯಾರವನ್ನು ಎತ್ತಿ ಆ ತುದಿಗೆ ಇಟ್ಟಳು. ಎರಡು ಹೆಜ್ಜೆ ಹಿಂದೆ ಬಂದು ತಲೆ ಓರೆ ಮಾಡಿ ನೋಡಿದಳು. ಒಂದು ಚೊಂಬನ್ನು ತೆಗೆದು ಕೆಳಗಿಟ್ಟಳು.

ಒಳಗಿನಿಂದ ಬಂದ ಚೆನ್ನರಾಯಪ್ಪ ಹಲಗೆಯನ್ನೂ ಆ ಹುಡುಗಿಯನ್ನೂ ನೋಡಿ, "ಲಕ್ಷ್ಮೀ, ಈಗ ಈ ಮನೆಯಲ್ಲಿ ನಿನಗೂ ಹೆಡ್ ಮೇಡಂ ಬಂದಂಗಾಯ್ತು" ಎಂದರು.

"ಬರ್ಲಿ ಬಿಡ್ರೀ" ಎಂದರು ಆದಿಲಕ್ಷ್ಮಮ್ಮ. "ಅವಳು ಹೇಳ್ತಿರೋದು ಸರಿಯಾಗೇ ಇದೆ."